ಇ-ಪುಸ್ತಕಕ್ಕೂ ಗೇಣಿ ಕೊಡಬೇಕೆ?

ನಮ್ಮ ಗಡಿನಾಡಿನ ಕನ್ನಡ ಲೇಖಕರಿಗೆ ಈಚೆಗೆ ಹೊಸದೊಂದು ಉಪದೇಶ ಸಿಗತೊಡಗಿದೆ. ಸ್ವಂತ ದುಡ್ಡಿನಲ್ಲಿ ಪುಸ್ತಕ ಅಚ್ಚು ಹಾಕಿಸಿ ಅಟ್ಟದಲ್ಲಿ ಕಟ್ಟಿಡುವ ಕಾಲ ಮುಗಿಯಿತು, ಅದನ್ನು ಇ-ಪುಸ್ತಕ ಮಾಡಿ, ಜಗತ್ತಿನ ನೂರಾರು ಅಂಗಡಿಗಳಿಗೆ ಒಮ್ಮೆಗೇ ತಲುಪಿಸಿಕೊಡುವ ವಿತರಣಾ ಸಂಸ್ಥೆಗಳಿವೆ, ತಿಂಗಳಿಗೋ ವರ್ಷಕ್ಕೋ ಇಂತಿಷ್ಟು ಎಂದು ಚಂದಾ ಕಟ್ಟಿದರಾಯಿತು, ಆಮೇಲೆ ಬರುವ ರಾಯಲ್ಟಿಯೆಲ್ಲ ನಿಮ್ಮದೇ, ನೂರಕ್ಕೆ ನೂರು! ಹೀಗೆ ಹೇಳುವವರು ಹೊರಗಿನವರಲ್ಲ. ಬೆಂಗಳೂರಿನಲ್ಲೋ ದುಬೈಯಲ್ಲೋ ಉದ್ಯೋಗದಲ್ಲಿರುವ ನಮ್ಮದೇ ಮನೆಗಳ ಮಕ್ಕಳು. ರಜೆಯಲ್ಲಿ ಊರಿಗೆ ಬಂದಾಗ ಗೋಷ್ಠಿಗಳಿಗೆ ಬಂದು ಕೂರುತ್ತಾರೆ, ನಮ್ಮ ಮಾತು ಮುಗಿದ ಮೇಲೆ ಎದ್ದು ಇದನ್ನು ಹೇಳುತ್ತಾರೆ. ಅವರ ಕಳಕಳಿಯ ಬಗ್ಗೆ ನನಗೆ ಸಂಶಯವಿಲ್ಲ. ಆದರೆ ಈ ಉಪದೇಶವನ್ನು ಒಪ್ಪಲಾರೆ. ವರ್ಷಕ್ಕೆ ನಲವತ್ತೋ ಐವತ್ತೋ ಪ್ರತಿ ಖರ್ಚಾಗುವ ಪುಸ್ತಕ ಬರೆದವನಿಂದ, ಒಂದು ಪ್ರತಿ ಮಾರಾಟವಾಗುವ ಮೊದಲೇ ಹಣ ಕೀಳುವ ವ್ಯವಸ್ಥೆ ನಮಗೆ ಬೇಡ ಎಂಬುದು ನನ್ನ ವಾದ. ವಿತರಕನಿಗೆ ಪಾಲು ಕೊಡೋಣ. ಮಾರಾಟವಾದ ಮೇಲೆ, ಮಾರಾಟವಾದಷ್ಟಕ್ಕೆ.

ವಿಷಯ ಗೊತ್ತಿಲ್ಲದವರಿಗಾಗಿ ಎರಡು ಮಾತು. ಲೇಖಕ ತಾನೇ ಪ್ರಕಾಶಕನಾದ ಇ-ಪುಸ್ತಕ ಓದುಗನ ಕೈಗೆ ಹೋಗುವಾಗ ನಡುವೆ ಇಬ್ಬರಿರುತ್ತಾರೆ. ಒಬ್ಬ ಅಂಗಡಿಯವ: ಅಮೆಜಾನ್, ಆಪಲ್, ಗೂಗಲ್ ಮುಂತಾದವರು. ಇನ್ನೊಬ್ಬ ವಿತರಕ, ಎಂದರೆ ಲೇಖಕನ ಕಡತವನ್ನು ತೆಗೆದುಕೊಂಡು ಹಲವು ಅಂಗಡಿಗಳಿಗೆ ಹಂಚಿ, ಅಲ್ಲಿಂದ ಬಂದ ಹಣವನ್ನು ಒಟ್ಟುಮಾಡಿ ಕೊಡುವವನು. ಅಂಗಡಿಯವನು ತನ್ನ ಪಾಲನ್ನು ಹೇಗೂ ಹಿಡಿದುಕೊಳ್ಳುತ್ತಾನೆ. ಜಗಳವಿರುವುದು ವಿತರಕನ ಕೂಲಿಯ ಬಗ್ಗೆ. ಅದನ್ನು ಪ್ರತಿಯೊಂದು ಮಾರಾಟದಲ್ಲಿ ಕಮಿಷನ್ ಆಗಿ ಕೊಡಬಹುದು. ಇಲ್ಲವೇ ಮಾರಾಟಕ್ಕೆ ಸಂಬಂಧವಿಲ್ಲದ ನಿಗದಿತ ಚಂದಾ ಆಗಿ ಕೊಡಬಹುದು.

ಇದು ಕಂಪ್ಯೂಟರ್ ಕಾಲದ ಹೊಸ ಸಮಸ್ಯೆ ಎಂದು ಯಾರೂ ಹೆದರಬೇಕಾಗಿಲ್ಲ. ನಮ್ಮ ಊರಿನ ಹಿರಿಯರಿಗೆ ಇದರ ಎರಡು ಮುಖವೂ ಚೆನ್ನಾಗಿ ಗೊತ್ತಿತ್ತು. ಗದ್ದೆಯನ್ನು ಗೇಣಿಗೆ ಹಿಡಿಯುವುದು ಒಂದು, ವಾರಕ್ಕೆ ಮಾಡುವುದು ಇನ್ನೊಂದು. ಗೇಣಿಯೆಂದರೆ ಇಂತಿಷ್ಟು ಮುಡಿ ಅಕ್ಕಿ ಎಂದು ಮೊದಲೇ ಗೊತ್ತುಮಾಡಿದ್ದು. ಮಳೆ ಬರಲಿ ಬಿಡಲಿ, ಪೈರಿಗೆ ಹುಳ ಬೀಳಲಿ, ನೆರೆಯಲ್ಲಿ ಕೊಚ್ಚಿಹೋಗಲಿ, ಧಣಿಯ ಅಂಗಳದಲ್ಲಿ ಆ ಮುಡಿಗಳು ಇಳಿಯಲೇಬೇಕು. ವಾರವೆಂದರೆ ಬೆಳೆದದ್ದರಲ್ಲಿ ಪಾಲು. ಬೆಳೆ ಹೋದರೆ ಧಣಿಗೂ ಇಲ್ಲ, ಒಕ್ಕಲಿಗೂ ಇಲ್ಲ. ಈ ವಾರ್ಷಿಕದ ಮಲಯಾಳ ಪುಟಗಳನ್ನು ಓದುವವರು ಇದನ್ನೇ ಪಾಟ್ಟಂ, ವಾರಂ ಎನ್ನುತ್ತಾರೆ. ಮಾತು ಬೇರೆಯಾದರೂ ಕಷ್ಟ ಒಂದೇ. ಗೇಣಿಯಲ್ಲಿ ನಷ್ಟವೆಲ್ಲ ಉಳುವವನದ್ದು. ಚೆನ್ನಾಗಿ ಬೆಳೆದ ವರ್ಷ ಉಳಿಕೆಯೂ ಅವನದ್ದೇ ಎಂದು ಧಣಿಗಳು ಸಮಾಧಾನ ಹೇಳುತ್ತಿದ್ದರು. ಅಂಥ ವರ್ಷಗಳು ಎಷ್ಟಿದ್ದವೆಂದು ಹಳಬರನ್ನೇ ಕೇಳಬೇಕು. 1970ರ ಜನವರಿ 1ರಂದು ಕೇರಳದಲ್ಲಿ ಈ ಪದ್ಧತಿಯೇ ಕಾನೂನಿನಿಂದ ರದ್ದಾಯಿತು. ಅರ್ಧ ಶತಮಾನ ಕಳೆದ ಮೇಲೆ ಅದೇ ಒಕ್ಕಲುಗಳ ಮೊಮ್ಮಕ್ಕಳು ಕತೆ ಕವಿತೆಗೆ ಗೇಣಿಚೀಟಿ ಬರೆದುಕೊಡಲು ಹೊರಟಿದ್ದಾರೆ. ಅದೂ ಚಾಲಗೇಣಿ. ಗೇಣಿ ತಪ್ಪಿದ ದಿನ ಗದ್ದೆಯಿಂದ ಎಬ್ಬಿಸುವಂಥದ್ದು. ಒಮ್ಮೆ ಹಿಡಿದರೆ ತಲೆಮಾರುಗಳಿಗೆ ಉಳಿಯುವ ಮೂಲಗೇಣಿಯಾದರೂ ಆಗಿದ್ದರೆ ಆಲೋಚನೆ ಮಾಡಬಹುದಿತ್ತು.

ಇನ್ನು ಲೆಕ್ಕಕ್ಕೆ ಬರೋಣ. ಲೆಕ್ಕ ಹೇಳಿದರೆ ಸಾಹಿತಿಗಳಿಗೆ ಬೇಸರ ಬರುತ್ತದೆ ಎಂದು ಗೊತ್ತು. ಆದರೆ ಬೇಸರಪಟ್ಟುಕೊಂಡೇ ನಾವು ಇಷ್ಟು ವರ್ಷ ಎಲ್ಲರ ಕೈಯಲ್ಲೂ ಮೋಸಹೋದದ್ದು. ಪುಸ್ತಕದ ಬೆಲೆ 100 ರೂಪಾಯಿ ಎಂದಿಟ್ಟುಕೊಳ್ಳಿ. ಅಂಗಡಿಯವನು 30 ರೂಪಾಯಿ ಹಿಡಿದುಕೊಂಡ. ಕಮಿಷನ್ ಪದ್ಧತಿಯ ವಿತರಕ ಬೆಲೆಯ ಶೇಕಡಾ 10, ಅಂದರೆ 10 ರೂಪಾಯಿ ತೆಗೆದುಕೊಂಡರೆ ಲೇಖಕನಿಗೆ 60 ಉಳಿಯಿತು. ಚಂದಾ ಪದ್ಧತಿಯಲ್ಲಿ ಆ 10 ರೂಪಾಯಿಯೂ ಲೇಖಕನಿಗೇ, 70 ಬಂತು. ಆದರೆ ವರ್ಷಕ್ಕೆ ಉದಾಹರಣೆಗೆ 6,000 ರೂಪಾಯಿ ಚಂದಾ ಮೊದಲೇ ಕಟ್ಟಿರಬೇಕು. ನಲವತ್ತು ಪ್ರತಿ ಹೋದ ವರ್ಷ ಕಮಿಷನ್ ಪದ್ಧತಿಯವನ ಕೈಗೆ 2,400 ರೂಪಾಯಿ ಬರುತ್ತದೆ. ಚಂದಾದವನಿಗೆ 2,800 ಬಂದು, 6,000 ಹೋಗಿ, 3,200 ರೂಪಾಯಿ ಕೈಯಿಂದ ಬಿದ್ದಿರುತ್ತದೆ. ಕಟ್ಟಿದ ಚಂದಾ ವಾಪಸು ಬರಬೇಕಾದರೇ 86 ಪ್ರತಿ ಹೋಗಬೇಕು. ಚಂದಾ ಪದ್ಧತಿ ಕಮಿಷನ್ ಪದ್ಧತಿಗೆ ಸರಿಸಾಟಿಯಾಗಬೇಕಾದರೆ ವರ್ಷಕ್ಕೆ 600 ಪ್ರತಿ. ಅದೂ ಒಂದು ವರ್ಷವಲ್ಲ, ಪ್ರತಿವರ್ಷ. ಮಂಜೇಶ್ವರದಿಂದ ಹೊಸದುರ್ಗದ ತನಕ ಕನ್ನಡದಲ್ಲಿ ಬರೆಯುವವರಲ್ಲಿ ವರ್ಷವರ್ಷವೂ 600 ಇ-ಪ್ರತಿ ಮಾರುವವರು ಇದ್ದರೆ ಅವರು ಈ ಲೇಖನವನ್ನು ಇಲ್ಲಿಗೇ ನಿಲ್ಲಿಸಬಹುದು. ಅವರಿಗೆ ಚಂದಾವೇ ಲಾಭ. ಉಳಿದವರು ಮುಂದೆ ಓದಬೇಕು.

“ನೂರಕ್ಕೆ ನೂರು ರಾಯಲ್ಟಿ” ಎಂಬ ಮಾತಿನ ಒಳಗುಟ್ಟನ್ನೂ ಇಲ್ಲೇ ಹೇಳಿಬಿಡುತ್ತೇನೆ. ಅದು ಪುಸ್ತಕದ ಬೆಲೆಯ ನೂರು ಅಲ್ಲ. ಅಂಗಡಿಯವನು ತನ್ನದನ್ನು ತೆಗೆದುಕೊಂಡ ಮೇಲೆ ವಿತರಕನ ಕೈಗೆ ಬಂದದ್ದರ ನೂರು. ಅಂಗಡಿಯ ಪಾಲಿನಲ್ಲೂ ಒಳಪಾಲುಗಳಿವೆ. ಅಮೆಜಾನಿನ ಸ್ವಯಂಪ್ರಕಾಶನ ವಿಭಾಗದಲ್ಲಿ ಶೇಕಡಾ 70 ಮತ್ತು ಶೇಕಡಾ 35 ಎಂಬ ಎರಡು ದರಗಳಿವೆ. 70 ಸಿಗಬೇಕಾದರೆ ಬೆಲೆ ಅವರು ಹೇಳಿದ ಮಿತಿಯೊಳಗೆ ಇರಬೇಕು, ಮತ್ತು ಕಡತದ ಗಾತ್ರದಂತೆ ತಲುಪಿಸುವ ಖರ್ಚನ್ನೂ ಮುರಿದುಕೊಳ್ಳುತ್ತಾರೆ. ಯಕ್ಷಗಾನದ ವೇಷಗಳ ಚಿತ್ರ ಹಾಕಿ ಪುಸ್ತಕ ಮಾಡುವವರು ಇದನ್ನು ನೆನಪಿಡಬೇಕು. ಚಿತ್ರ ಹೆಚ್ಚಾದಷ್ಟೂ ರಾಯಲ್ಟಿ ಕರಗುತ್ತದೆ. ಅಮೆರಿಕದಲ್ಲಿ ಮಾರಾಟವಾದ ಪ್ರತಿಗಳ ರಾಯಲ್ಟಿಗೆ ಅಲ್ಲಿಯ ತೆರಿಗೆ ನಮೂನೆ ತುಂಬದಿದ್ದರೆ ಶೇಕಡಾ 30, ತುಂಬಿದರೆ ಎರಡು ದೇಶಗಳ ಒಪ್ಪಂದದ ಪ್ರಕಾರ ಶೇಕಡಾ 15 ತೆರಿಗೆ. ನಮ್ಮ ಸರಕಾರವೂ ಹಿಂದೆ ಬಿದ್ದಿಲ್ಲ. ಅಚ್ಚಾದ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ. ಇ-ಪುಸ್ತಕಕ್ಕೆ ಇದೆ; 2018ರ ಜುಲೈಯಲ್ಲಿ ಅದನ್ನು ಶೇಕಡಾ 5ಕ್ಕೆ ಇಳಿಸಿದಾಗಲೂ ಅಚ್ಚಿನ ಪ್ರತಿಯುಳ್ಳ ಪುಸ್ತಕಗಳಿಗೆ ಮಾತ್ರ ಇಳಿಸಿದರು. ಅಚ್ಚಿಗೆ ಹಣವಿಲ್ಲದೆ ಇ-ಪುಸ್ತಕಕ್ಕೆ ಬಂದವನ ಪುಸ್ತಕ ಶೇಕಡಾ 18ರಲ್ಲೇ ಉಳಿಯಿತು. ಬಡವನಿಗೆ ಹೆಚ್ಚು ತೆರಿಗೆ ಎಂಬ ಈ ತರ್ಕವನ್ನು ಯಾರು ಕಂಡುಹಿಡಿದರೋ! ಇಷ್ಟೆಲ್ಲ ಪಾಲುದಾರರಿರುವ ಜಾಗದಲ್ಲಿ ನಿಂತು “ಪೂರ್ತಿ ನಿಮ್ಮದೇ” ಎನ್ನುವುದಕ್ಕೆ ಧೈರ್ಯ ಬೇಕು.

ಈ ವ್ಯಾಪಾರ ಮೊದಲಿನಿಂದಲೂ ಹೀಗೆ ಇರಲಿಲ್ಲ. 2008ರಲ್ಲಿ ಅಮೆರಿಕದ ಮಾರ್ಕ್ ಕೋಕರ್ ಎಂಬವರು ಸ್ಮ್ಯಾಶ್‌ವರ್ಡ್ಸ್ ಆರಂಭಿಸಿದಾಗ ಲೇಖಕನಿಂದ ಮುಂಗಡ ಕೇಳಲಿಲ್ಲ. ಬೇರೆ ಅಂಗಡಿಗಳಲ್ಲಿ ಮಾರಾಟವಾದ ಪುಸ್ತಕದ ಬೆಲೆಯಲ್ಲಿ ಸುಮಾರು ಶೇಕಡಾ 10 ತೆಗೆದುಕೊಂಡು, ಲೇಖಕನಿಗೆ ಶೇಕಡಾ 60ರಷ್ಟು ಕೊಟ್ಟರು. 2012ರಲ್ಲಿ ಹುಟ್ಟಿದ ಡ್ರಾಫ್ಟ್‌ಟುಡಿಜಿಟಲ್ ಕೂಡ ಇದೇ ದಾರಿ ಹಿಡಿಯಿತು; 2022ರಲ್ಲಿ ಅದು ಸ್ಮ್ಯಾಶ್‌ವರ್ಡ್ಸ್ ಅನ್ನು ತನ್ನೊಳಗೆ ಸೇರಿಸಿಕೊಂಡಿತು. ಹಂಗೇರಿಯಿಂದ ಬಂದ ಪಬ್ಲಿಷ್‌ಡ್ರೈವ್ ಶೇಕಡಾ 10ರ ಪಾಲಿನಲ್ಲೇ ಶುರುಮಾಡಿ, 2019ರಲ್ಲಿ ತಿಂಗಳ ಚಂದಾದ ಕಡೆಗೆ ಹೊರಳಿತು. ಹೊರಳಿದ್ದಕ್ಕೆ ಕಾರಣವಿಲ್ಲದಿಲ್ಲ. ಇಂಗ್ಲಿಷಿನಲ್ಲಿ ಬರೆದು ತಿಂಗಳಿಗೆ ಸಾವಿರಾರು ಡಾಲರ್ ಗಳಿಸುವ ಕಾದಂಬರಿಕಾರರಿದ್ದಾರೆ. ಅವರಿಗೆ ಶೇಕಡಾ 10 ಭಾರವೆನಿಸಿತು. ನಿಗದಿತ ಚಂದಾ ಹಗುರವೆನಿಸಿತು. ಆ ಲೆಕ್ಕ ಅವರಿಗೆ ಸರಿಯೇ. ನನ್ನ ತಕರಾರು ಇರುವುದು, ಆ ಶ್ರೀಮಂತ ಲೇಖಕನ ಅನುಕೂಲಕ್ಕೆ ಹೊಲಿದ ಅಂಗಿಯನ್ನು ತಂದು ನಮ್ಮ ಮೈಗೆ ತೊಡಿಸುವವರ ಬಗ್ಗೆ. ಕಮಿಷನ್ ಪದ್ಧತಿಯಲ್ಲಿ ಹೆಚ್ಚು ಮಾರುವವನು ಹೆಚ್ಚು ಕೊಟ್ಟು, ಕಡಿಮೆ ಮಾರುವವನ ಪುಸ್ತಕವೂ ಅದೇ ಚಪ್ಪರದಡಿ ಉಳಿಯುತ್ತದೆ. ನಿಗದಿತ ಚಂದಾದಲ್ಲಿ ಹತ್ತು ಸಾವಿರ ಪ್ರತಿಯವನಿಗೂ ಹತ್ತು ಪ್ರತಿಯವನಿಗೂ ಒಂದೇ ಚೀಟಿ. ಸಣ್ಣವನ ಹಣದಿಂದ ದೊಡ್ಡವನ ಖರ್ಚು ನಡೆಯುತ್ತದೆ.

ಕನ್ನಡದವರಿಗೆ ಇನ್ನೊಂದು ತೊಡಕಿದೆ. ಇದನ್ನು ನಮ್ಮ ಮಲಯಾಳಿ ಸಹಲೇಖಕರು ಗಮನಿಸಬೇಕು, ಯಾಕೆಂದರೆ ಇಲ್ಲಿ ಅವರ ನಮ್ಮ ಹಾದಿ ಬೇರೆಯಾಗುತ್ತದೆ. 2016ರ ಡಿಸೆಂಬರಿನಲ್ಲಿ ಅಮೆಜಾನ್ ತನ್ನ ಕಿಂಡಲ್ ಓದುಯಂತ್ರಕ್ಕೆ ಭಾರತೀಯ ಭಾಷೆಗಳನ್ನು ತಂದಿತು. ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳ. ಐದೇ ಐದು. ಕನ್ನಡ ಇರಲಿಲ್ಲ. ತೆಲುಗು, ಬಂಗಾಳಿಗಳೂ ಇರಲಿಲ್ಲ ಎಂಬುದು ಸಮಾಧಾನವಾದರೆ ಪಟ್ಟುಕೊಳ್ಳಬಹುದು. ಕಾಸರಗೋಡಿನ ಒಂದೇ ಬೀದಿಯ ಆಚೆ ಬದಿಯ ಮಲಯಾಳಿ ಕತೆಗಾರನಿಗೆ ಬಾಗಿಲು ತೆರೆಯಿತು, ಈಚೆ ಬದಿಯ ಕನ್ನಡಿಗನಿಗೆ ಮುಚ್ಚಿತು. 1956ರ ನವೆಂಬರ್ 1ರಂದು ನೆಲದ ಮೇಲೆ ಎಳೆದ ಗೆರೆಯನ್ನು ನಾವು ಬಲ್ಲೆವು, ಮಹಾಜನ ವರದಿಯನ್ನು ಬಾಯಿಪಾಠ ಮಾಡಿದವರು ನಮ್ಮಲ್ಲಿ ಈಗಲೂ ಇದ್ದಾರೆ. ಇದು ಬೇರೆ ಗೆರೆ. ಇದಕ್ಕೆ ಆಯೋಗವಿಲ್ಲ, ಅಹವಾಲು ಕೇಳುವ ನ್ಯಾಯಮೂರ್ತಿಯಿಲ್ಲ.

ಚಂದಾದ ಪ್ರಶ್ನೆಗೂ ಇದಕ್ಕೂ ಏನು ಸಂಬಂಧ? ನೇರ ಸಂಬಂಧ. “ನೂರಾರು ಅಂಗಡಿ” ಎಂಬ ಆಮಿಷಕ್ಕೆ ಚಂದಾ ಕಟ್ಟುವ ಕನ್ನಡ ಲೇಖಕ, ತನ್ನ ಲಿಪಿಗೆ ತೆರೆಯದ ಬಾಗಿಲುಗಳಿಗೂ ಸೇರಿಸಿ ಬಾಡಿಗೆ ಕೊಡುತ್ತಾನೆ. ಅಂಗಡಿ ಪುಸ್ತಕವನ್ನು ಒಪ್ಪಿಕೊಂಡರೂ ಒತ್ತಕ್ಷರ ಪಕ್ಕಕ್ಕೆ ಜಾರಿ, ಅರ್ಕಾವತ್ತು ತಪ್ಪಿ, ಓದುಗ ಎರಡನೇ ಪುಟದಲ್ಲೇ ಕೈಬಿಡುವಂತಿದ್ದರೆ ಆ ಅಂಗಡಿ ನಮ್ಮ ಮಟ್ಟಿಗೆ ಮುಚ್ಚಿದ್ದೇ. ಕಮಿಷನ್ ಪದ್ಧತಿಯಲ್ಲಿ ಮುಚ್ಚಿದ ಬಾಗಿಲಿಗೆ ನಾವು ಕಾಸು ಕೊಡುವುದಿಲ್ಲ. ಅಲ್ಲಿ ಮಾರಾಟವಿಲ್ಲ, ಆದ್ದರಿಂದ ಪಾಲೂ ಇಲ್ಲ. ಕನ್ನಡ ಪುಸ್ತಕಗಳನ್ನು ಸ್ವೀಕರಿಸುವ ಗೂಗಲ್ ಪ್ಲೇ ಬುಕ್ಸ್‌ನಂಥ ಕಡೆ ಲೇಖಕ ನೇರವಾಗಿ ಖಾತೆ ತೆರೆಯಬಹುದು, ಅದಕ್ಕೆ ಚಂದಾ ಇಲ್ಲ. ಕನ್ನಡಕ್ಕೆಂದೇ ಇರುವ ಮೈಲ್ಯಾಂಗ್‌ನಂಥ ಪ್ರಯತ್ನಗಳೂ ಇವೆ. ತೆರೆದಿರುವ ಬಾಗಿಲು ಎರಡೋ ಮೂರೋ ಆದರೆ, ಅಲ್ಲಿಗೆ ನಾವೇ ನಡೆದುಹೋಗಲು ಸಾಧ್ಯವಾದರೆ, ನೂರು ಬಾಗಿಲಿನ ಗೇಣಿ ಯಾಕೆ?

ಈಗ ಒಂದು ಕಂಡ ಸಂಗತಿ. ನಮ್ಮ ಹತ್ತಿರದ ಕನ್ನಡ ಶಾಲೆಯಲ್ಲಿ ಬಹುಕಾಲ ಮಾಸ್ತರರಾಗಿದ್ದವರೊಬ್ಬರು ನಿವೃತ್ತಿಯ ನಂತರ ಊರಿನ ಬೇಸಾಯದ ಮಾತುಗಳನ್ನು ಸಂಗ್ರಹಿಸಿ ಪುಸ್ತಕ ಮಾಡಿದರು. ಏತ, ನೇಗಿಲು, ಕಂಬಳಗದ್ದೆ, ಅಡಕೆ ಕೊಯಿಲು, ಗೇಣಿ ಅಳೆಯುವ ಸೇರು ಕಳಸೆಗಳ ತನಕ. ಒಂದೇ ವಸ್ತುವಿಗೆ ಕನ್ನಡ, ತುಳು, ಮಲಯಾಳಗಳಲ್ಲಿ ಇರುವ ಹೆಸರುಗಳನ್ನು ಪಕ್ಕಪಕ್ಕದಲ್ಲಿ ಕೊಟ್ಟಿದ್ದರು. ಅಚ್ಚಾದದ್ದು 300 ಪ್ರತಿ. ಗಲ್ಫಿನಲ್ಲಿದ್ದ ಮಗ ಅದನ್ನು ಇ-ಪುಸ್ತಕ ಮಾಡಿ, ಚಂದಾ ಪದ್ಧತಿಯ ಒಂದು ವಿತರಣಾ ಸಂಸ್ಥೆಗೆ ಕೊಟ್ಟ. ಸಂಸ್ಥೆಯ ಹೆಸರು ಇಲ್ಲಿ ಬೇಡ. ಮಾಸ್ತರರು ತೀರಿಹೋದರು. ಒಂದೆರಡು ವರ್ಷದಲ್ಲಿ ಮಗನ ಕೆಲಸವೂ ಹೋಗಿ, ಚಂದಾ ಕಟ್ಟುತ್ತಿದ್ದ ಬ್ಯಾಂಕ್ ಕಾರ್ಡೂ ನಿಂತಿತು. ಪುಸ್ತಕ ಎಲ್ಲ ಅಂಗಡಿಗಳಿಂದಲೂ ಇಳಿಯಿತು. ಮುಂಬಯಿಯಲ್ಲಿ ಭಾಷಾಶಾಸ್ತ್ರ ಓದುತ್ತಿದ್ದ ಹುಡುಗಿಯೊಬ್ಬಳು ಅದನ್ನು ಹುಡುಕಿಕೊಂಡು ನನಗೆ ಫೋನು ಮಾಡಿದಾಗಲೇ ನಮಗೆ ಇದು ತಿಳಿದದ್ದು. ನಾನು ಸಂಸ್ಥೆಗೆ ಪತ್ರ ಬರೆದೆ: ಲೇಖಕರು ಇಲ್ಲ, ಪುಸ್ತಕವನ್ನು ಉಳಿಸಿ, ಮಾರಾಟವಾದರೆ ನಿಮ್ಮ ಪಾಲು ಎಷ್ಟು ಬೇಕೋ ತೆಗೆದುಕೊಳ್ಳಿ. ಬಂದ ಉತ್ತರವನ್ನು ಮನುಷ್ಯರು ಬರೆದಂತಿರಲಿಲ್ಲ. ಚಂದಾ ನವೀಕರಿಸಲು ಇಲ್ಲಿ ಒತ್ತಿ ಎಂದಿತ್ತು. ಎರಡನೇ ಪತ್ರಕ್ಕೂ ಅದೇ. ಮೂರನೆಯದಕ್ಕೆ ಉತ್ತರವೇ ಇಲ್ಲ. ಕೊನೆಗೆ ಅಚ್ಚಿನ ಪ್ರತಿಯೊಂದನ್ನು ಜೆರಾಕ್ಸ್ ಮಾಡಿಸಿ ಅಂಚೆಯಲ್ಲಿ ಕಳುಹಿಸಿದೆ.

ನನ್ನ ಮಟ್ಟಿಗೆ ಇಡೀ ಚರ್ಚೆಯ ತಿರುಳು ಈ ಪುಸ್ತಕದಲ್ಲಿದೆ. ದೊಡ್ಡ ಭಾಷೆಯಲ್ಲಿ ಒಂದು ಕಾದಂಬರಿ ಅಂಗಡಿಯಿಂದ ಇಳಿದರೆ ಓದುಗ ಇನ್ನೊಂದನ್ನು ಓದುತ್ತಾನೆ. ನಮ್ಮಲ್ಲಿ ಒಂದೊಂದು ವಿಷಯಕ್ಕೆ ಒಂದೊಂದೇ ಪುಸ್ತಕ. ಅದನ್ನು ಬರೆದವರು ಎಪ್ಪತ್ತು ದಾಟಿದವರು. ಅವರ ಮಕ್ಕಳು ಕನ್ನಡ ಓದಬಲ್ಲರು, ಮೊಮ್ಮಕ್ಕಳು ಅನೇಕ ಮನೆಗಳಲ್ಲಿ ಓದಲಾರರು. ಮಲಯಾಳವನ್ನೋ ಇಂಗ್ಲಿಷನ್ನೋ ಕಲಿತು ಬೆಳೆದವರು. ಅಜ್ಜನ ಕನ್ನಡ ಪುಸ್ತಕ ಅಂಗಡಿಯಲ್ಲಿ ಉಳಿಯಲೆಂದು ಆ ಮೊಮ್ಮಗ ವರ್ಷವರ್ಷ ಆರು ಸಾವಿರ ಕಟ್ಟುತ್ತಾನೆಯೆ? ಕಟ್ಟಲಾರ, ಅವನನ್ನು ದೂರಬೇಕಾಗಿಯೂ ಇಲ್ಲ. ಪಾಲಿನ ಪದ್ಧತಿಯಲ್ಲಾದರೆ ಲೇಖಕ ಹೋದ ಮೇಲೂ ಪುಸ್ತಕ ತನ್ನಷ್ಟಕ್ಕೆ ಕಪಾಟಿನಲ್ಲಿ ಕೂತಿರುತ್ತದೆ, ವರ್ಷಕ್ಕೆ ಎರಡು ಪ್ರತಿ ಹೋದರೆ ಎರಡರ ಪಾಲು. ಯಾರೂ ಕಟ್ಟಬೇಕಾದ್ದಿಲ್ಲ, ಯಾರೂ ಇಳಿಸಬೇಕಾದ್ದೂ ಇಲ್ಲ. ಅಚ್ಚಿನ ಪುಸ್ತಕ ಗೆದ್ದಲು ಹಿಡಿಯುವ ತನಕವಾದರೂ ಇರುತ್ತದೆ. ಚಂದಾದ ಇ-ಪುಸ್ತಕ ಒಂದು ತಿಂಗಳ ಬಾಕಿಗೆ ಮಾಯವಾಗುತ್ತದೆ.

ನನ್ನ ಎದುರಾಳಿಗಳ ವಾದದಲ್ಲಿ ಗಟ್ಟಿಯಾದದ್ದೂ ಒಂದಿದೆ, ಅದನ್ನು ಬಚ್ಚಿಡುವುದಿಲ್ಲ. ನಲವತ್ತು ಪ್ರತಿ ಮಾರುವ ಪುಸ್ತಕದಿಂದ ವಿತರಕನಿಗೆ ಸಿಗುವುದು ವರ್ಷಕ್ಕೆ 400 ರೂಪಾಯಿ. ಅದಕ್ಕಾಗಿ ಅವನು ಯಾಕೆ ಮೈಮುರಿಯಬೇಕು, ಕನ್ನಡದ ಒತ್ತಕ್ಷರ ಸರಿಮಾಡಲು ಯಾಕೆ ಕೂರಬೇಕು, ಚಂದಾ ಕೊಟ್ಟರೆ ಕೇಳುವ ಹಕ್ಕಾದರೂ ಇರುತ್ತದೆ ಎನ್ನುತ್ತಾರೆ. ಹೌದು, ಪಾಲಿನವನು ಸೋಮಾರಿಯಾಗಬಹುದು. ಆದರೆ ಚಂದಾದವನಿಗೆ ದುಡಿಯಲು ಕಾರಣವೇನಿದೆ? ಒಂದೇ ಒಂದು ಪ್ರತಿ ಹೋಗದಿದ್ದರೂ ಅವನ ಪೆಟ್ಟಿಗೆ ತುಂಬಿರುತ್ತದೆ. ಲೇಖಕರ ಆಸೆಯೇ ಅವನ ಫಸಲು, ಓದುಗರು ಇದ್ದರೂ ಇಲ್ಲದಿದ್ದರೂ. ಮಾಸ್ತರರ ಪುಸ್ತಕಕ್ಕೆ ಚಂದಾ ಸರಿಯಾಗಿ ಸಂದಾಯವಾಗುತ್ತಿದ್ದಾಗಲೂ ಒತ್ತಕ್ಷರದ ದೂರಿಗೆ ಉತ್ತರ ಬಂದಿರಲಿಲ್ಲ ಎಂದು ಮಗ ಹೇಳುತ್ತಿದ್ದ. ಹಸಿವಾದಾಗ ನನ್ನೊಂದಿಗೆ ಹಸಿಯುವ ಸೋಮಾರಿಯೇ ನನಗೆ ವಾಸಿ.

“ನೀವು ಈ ವಾರ್ಷಿಕಕ್ಕೇ ಚಂದಾ ಎತ್ತುತ್ತೀರಲ್ಲ” ಎಂದು ಒಬ್ಬರು ಗೋಷ್ಠಿಯಲ್ಲಿ ನಗೆ ಎಬ್ಬಿಸಿದರು. ನಗೆ ಚೆನ್ನಾಗಿಯೇ ಬಂತು. ಆದರೆ ಹಣ ಯಾವ ಕಡೆಯಿಂದ ಯಾವ ಕಡೆಗೆ ಹರಿಯುತ್ತದೆ ಎಂಬುದನ್ನು ಅವರು ನೋಡಲಿಲ್ಲ. ಓದುಗ ಚಂದಾ ಕೊಟ್ಟು ಪುಸ್ತಕ ಪಡೆಯುವುದು ನಮ್ಮ ಹಳೆಯ ಮತ್ತು ಒಳ್ಳೆಯ ಕ್ರಮ. ಧಾರವಾಡದಲ್ಲಿ 1933ರಲ್ಲಿ ಜಿ.ಬಿ. ಜೋಶಿಯವರು ಆರಂಭಿಸಿದ ಮನೋಹರ ಗ್ರಂಥಮಾಲೆ ಬದುಕಿದ್ದು ಓದುಗ ಚಂದಾದಾರರಿಂದ. ಅದಕ್ಕೂ ಮೊದಲು ಗಳಗನಾಥರು ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿದರು. ಕಷ್ಟಪಟ್ಟರು, ಆದರೆ ಹೊರುವುದಕ್ಕೆ ಯಾರಿಗೂ ಗೇಣಿ ಕೊಡಬೇಕಾಗಿರಲಿಲ್ಲ. ಓದುಗ ಕೊಡುವ ಚಂದಾ ಪುಸ್ತಕಕ್ಕೆ ಜೀವ ಕೊಡುತ್ತದೆ. ಲೇಖಕ ಕೊಡುವ ಚಂದಾ ಅವನ ಪಿಂಚಣಿಯನ್ನು ತಿನ್ನುತ್ತದೆ. ಓದುಗರ ಚಂದಾದಲ್ಲೂ ಈಗ ಹೊಸ ಬಗೆಗಳು ಬಂದಿವೆ ಎಂಬುದು ನಿಜ. ಅಮೆಜಾನಿನ ಕಿಂಡಲ್ ಅನ್‌ಲಿಮಿಟೆಡ್ 2014ರಲ್ಲಿ ಅಮೆರಿಕದಲ್ಲಿ, 2015ರಲ್ಲಿ ಭಾರತದಲ್ಲಿ ಬಂತು. ಓದಿದ ಪುಟಗಳ ಲೆಕ್ಕದಲ್ಲಿ ಲೇಖಕನಿಗೆ ಹಣ. ಅದಕ್ಕೆ ಸೇರಬೇಕಾದರೆ 90 ದಿನಗಳ ಕಾಲ ಇ-ಪ್ರತಿಯನ್ನು ಬೇರೆಲ್ಲೂ ಮಾರಬಾರದೆಂಬ ಷರತ್ತು. ಮಲಯಾಳದ ಮಿತ್ರರು ಆ ಬಲೆಯ ಬಗ್ಗೆ ಅವರ ಪುಟಗಳಲ್ಲೇ ಬರೆದರೆ ಒಳ್ಳೆಯದು, ನಮಗಿಂತ ಅವರಿಗೆ ಅದರ ಅನುಭವ ಹೆಚ್ಚು.

ಮಲಯಾಳದ ಮಾತು ಬಂದದ್ದರಿಂದ ಅವರಿಂದ ನಾವು ಕಲಿಯಬೇಕಾದ್ದನ್ನೂ ಹೇಳುತ್ತೇನೆ. 1945ರಲ್ಲಿ ಕೋಟ್ಟಯಂನಲ್ಲಿ ಎಂ.ಪಿ. ಪೌಲ್, ಕಾರೂರ್ ನೀಲಕಂಠ ಪಿಳ್ಳೆ ಮೊದಲಾದ ಹನ್ನೆರಡು ಮಂದಿ ಸೇರಿ ಸಾಹಿತ್ಯ ಪ್ರವರ್ತಕ ಸಹಕಾರಿ ಸಂಘವನ್ನು ಕಟ್ಟಿದರು. ಒಟ್ಟು ಬಂಡವಾಳ 120 ರೂಪಾಯಿ. ಲೇಖಕನಿಗೆ ಶೇಕಡಾ 30 ರಾಯಲ್ಟಿ ಎಂದು ನಿಶ್ಚಯಿಸಿದರು. ಅದು ಬೇರೆ ಪ್ರಕಾಶಕರು ಕನಸಿನಲ್ಲೂ ಕೊಡದ ದರ. ಆ ಸಂಘದ ನೆರಳಿನಲ್ಲಿ ಮಲಯಾಳದ ಒಂದು ತಲೆಮಾರಿನ ಲೇಖಕರು ತಲೆಯೆತ್ತಿ ಬದುಕಿದರು. ಅವರೂ ಮೊದಲೇ ಹಣ ಕೊಟ್ಟರಲ್ಲ ಎಂದು ಯಾರಾದರೂ ಕೇಳಬಹುದು. ಕೊಟ್ಟರು, ಪಾಲುಬಂಡವಾಳವಾಗಿ. ಆ ರೂಪಾಯಿಗೆ ಸಂಘ ಅವರದ್ದಾಯಿತು, ಮತ ಹಾಕುವ ಹಕ್ಕು ಅವರದ್ದಾಯಿತು. ಚಂದಾದ ರೂಪಾಯಿಗೆ ಮರುವರ್ಷ ಇನ್ನೊಂದು ರೂಪಾಯಿ ಕೊಡುವ ಹೊಣೆಯಷ್ಟೇ ಸಿಗುತ್ತದೆ.

ಹಾಗಾದರೆ ನಾವೇನು ಮಾಡಬಹುದು? ಚಂದಾ ಪದ್ಧತಿಯನ್ನೂ ಬಳಸಿಕೊಳ್ಳುವ ಒಂದು ದಾರಿ ಇದೆ. ಒಬ್ಬೊಬ್ಬರೇ ಹೋದರೆ ಅದು ಸಿಗುವುದಿಲ್ಲ. ಮೇಲಿನ ಲೆಕ್ಕವನ್ನೇ ಮತ್ತೆ ತೆಗೆದುಕೊಳ್ಳಿ. ಐವತ್ತು ಪುಸ್ತಕಗಳು ಒಂದೇ ಖಾತೆಯಲ್ಲಿದ್ದು, ಒಂದೊಂದು ನಲವತ್ತು ಪ್ರತಿ ಹೋದರೆ ವರ್ಷಕ್ಕೆ 2,000 ಪ್ರತಿ. ಹೊರಗಿನ ವಿತರಕನಿಗೆ ಶೇಕಡಾ 10ರಂತೆ ಕೊಟ್ಟರೆ 20,000 ರೂಪಾಯಿ ಹೋಗುತ್ತದೆ. ಐವತ್ತು ಪುಸ್ತಕಗಳನ್ನು ಒಂದೇ ಖಾತೆಯಲ್ಲಿ ಇಡಲು ಬಿಡುವ ಸಂಸ್ಥೆ ಅದಕ್ಕೆ ಎರಡು ಪಾಲು ಚಂದಾ ಕೇಳಿದರೂ ಹನ್ನೆರಡು ಸಾವಿರ. ಉಳಿದ ಹಣದಲ್ಲಿ ಒತ್ತಕ್ಷರ ನೋಡುವ ಒಬ್ಬ ಹುಡುಗನಿಗೆ ಸಂಭಾವನೆ ಕೊಡಬಹುದು. ಗೇಣಿ ಕೊಡಬೇಕಾದರೆ ಸಂಘ ಕೊಡಲಿ. ಸಂಘದ ಒಳಗೆ ಲೇಖಕನಿಂದ ತೆಗೆದುಕೊಳ್ಳುವುದು ಮಾರಾಟದ ಪಾಲು ಮಾತ್ರ. ನಲವತ್ತು ಪ್ರತಿಯವನು 400 ರೂಪಾಯಿ ಕೊಡುತ್ತಾನೆ, ನಾಲ್ಕು ಪ್ರತಿಯವನು 40 ಕೊಡುತ್ತಾನೆ, ತೀರಿಹೋದ ಮಾಸ್ತರರ ಪುಸ್ತಕ ಅವರೊಂದಿಗೆ ಉಳಿಯುತ್ತದೆ. ಒಂದು ವರ್ಷ ಬೆಳೆ ಕೈಕೊಟ್ಟರೆ ಸಂಘ ತಡೆದುಕೊಳ್ಳುತ್ತದೆ, ಒಬ್ಬ ಒಕ್ಕಲು ಮುಳುಗುವುದಿಲ್ಲ. ನಮ್ಮಲ್ಲಿ ಭಜನಾ ಮಂದಿರಗಳನ್ನು, ಯಕ್ಷಗಾನ ಸಂಘಗಳನ್ನು, ಹಾಲಿನ ಸೊಸೈಟಿಗಳನ್ನು ಹೀಗೆಯೇ ನಡೆಸಿದ್ದೇವೆ. ಪುಸ್ತಕಕ್ಕೆ ಮಾತ್ರ ಯಾಕೆ ಕೈಲಾಗದೋ ತಿಳಿಯದು.

ಅಂಥ ಸಂಘ ಹುಟ್ಟುವ ತನಕ ಯಾರೇ ಇ-ಪುಸ್ತಕದ ಒಪ್ಪಂದಕ್ಕೆ ಸಹಿ ಹಾಕುವ ಮೊದಲು ಮೂರು ಸಂಗತಿಗಳನ್ನು ಬರಹದಲ್ಲಿ ಕೇಳಿ ಪಡೆಯಬೇಕು. ಹಣ ಕಟ್ಟುವುದು ನಿಂತರೆ ಪುಸ್ತಕದ ಗತಿ ಏನು? ಕನ್ನಡ ಲಿಪಿಯ ಪುಸ್ತಕವನ್ನು ಒಪ್ಪುವ ಅಂಗಡಿಗಳು ಹೆಸರು ಸಹಿತ ಯಾವುವು? ಲೇಖಕ ತೀರಿದ ಮೇಲೆ ಖಾತೆ ಯಾರಿಗೆ, ಯಾವ ಕಾಗದದ ಮೇಲೆ ಹೋಗುತ್ತದೆ? ಇದಕ್ಕೆ ನೇರ ಉತ್ತರ ಕೊಡದವರಿಗೆ ಒಂದು ಕಾಸೂ ಕಟ್ಟಬೇಡಿ.

ಇನ್ನೊಂದು ಕೆಲಸವನ್ನು ಈಗಲೇ ಮಾಡಬಹುದು. ನಮ್ಮ ಹೆಚ್ಚಿನ ಲೇಖಕರ ಹಸ್ತಪ್ರತಿಗಳು ಹಳೆಯ ನುಡಿ, ಬರಹ ಅಕ್ಷರಗಳಲ್ಲಿ ಟೈಪಾಗಿ ಯಾವುದೋ ಮುದ್ರಣಾಲಯದ ಕಂಪ್ಯೂಟರಿನಲ್ಲಿ ಬಿದ್ದಿವೆ. ಅವನ್ನು ಯೂನಿಕೋಡಿಗೆ ತರದೆ ಸರಿಯಾದ ಇ-ಪುಸ್ತಕ ಮಾಡಲಾಗುವುದಿಲ್ಲ. ತರುವಾಗ ಅಕ್ಷರಗಳು ಜಾರುತ್ತವೆ, ಕಣ್ಣಿಟ್ಟು ತಿದ್ದಬೇಕಾಗುತ್ತದೆ. ಮುದ್ರಣಾಲಯದಿಂದ ಕಡತ ಕೇಳಿ ತಂದಿಡಿ. ಮಾಸ್ತರರ ಪುಸ್ತಕದ ಕಡತ ಸಿಕ್ಕಿದೆ, 212 ಪುಟ. ನಾನು ಏತದ ಅಧ್ಯಾಯದ ತನಕ ತಿದ್ದಿದ್ದೇನೆ; ಮುಂದಿನ ಪುಟಗಳಲ್ಲಿ ತುಳು, ಮಲಯಾಳ ಹೆಸರುಗಳು ಹೆಚ್ಚು, ಆ ಎರಡೂ ಬಲ್ಲವರೊಬ್ಬರು ಜತೆಗೆ ಕೂತರೆ ಮಳೆಗಾಲದೊಳಗೆ ಮುಗಿಯುತ್ತದೆ.